ಓದುಗರ ಪ್ರಶ್ನೆ, ನಮ್ಮ ಉತ್ತರ: ರಾಟೆ, ಹಾರೆ, ಜಾಕ್‌ಗಳ ಲೆಕ್ಕ

ಈ ಸಲ ಬಂದ ಪತ್ರಗಳಲ್ಲಿ ಭಾರ ಎತ್ತುವುದು, ಸರಿಸುವುದು, ಸೀಳುವುದರ ಬಗ್ಗೆಯೇ ಹೆಚ್ಚು ಪ್ರಶ್ನೆಗಳಿದ್ದವು. ಅವನ್ನೆಲ್ಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಬಲವನ್ನು ನ್ಯೂಟನ್ನಿನಲ್ಲಿ ಅಳೆಯಬೇಕೆಂಬುದು ನಿಜ. ಆದರೆ ಕೆಲಸದ ಜಾಗದಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಆದ್ದರಿಂದ ಇಲ್ಲಿ ‘20 ಕೆಜಿ ಬಲ’ ಎಂದರೆ 20 ಕೆಜಿ ತೂಕವನ್ನು ಕೈಯಲ್ಲಿ ಹಿಡಿದು ನಿಲ್ಲಲು ಬೇಕಾಗುವಷ್ಟು ಬಲ ಎಂದು ಓದಿಕೊಳ್ಳಿ.

ಪ್ರಶ್ನೆ: ಬಾವಿಯ ಒಂಟಿ ರಾಟೆಯಿಂದ ಬಲದಲ್ಲಿ ಏನೂ ಲಾಭವಿಲ್ಲ ಎಂದು ಮಗಳ ವಿಜ್ಞಾನ ಪುಸ್ತಕದಲ್ಲಿದೆ. ಹಾಗಿದ್ದರೆ ರಾಟೆ ಇಲ್ಲದೆ ಸೇದುವುದು ಅಷ್ಟು ಕಷ್ಟವೇಕೆ? (ಓದುಗರು, ಸಾಗರ)

ಉತ್ತರ: ಪುಸ್ತಕದಲ್ಲಿರುವುದು ಸರಿ. 15 ಲೀಟರ್ ನೀರು ತುಂಬಿದ ಕೊಡವನ್ನು ಎತ್ತಲು ಒಂಟಿ ರಾಟೆಯಲ್ಲೂ 15 ಕೆಜಿಗಿಂತ ಹೆಚ್ಚೇ ಬಲ ಬೇಕು. ಅಚ್ಚು ತುಕ್ಕು ಹಿಡಿದು ಒಣಗಿದ್ದರೆ ಅದು 20 ಕೆಜಿಯ ಹತ್ತಿರ ಹೋಗುತ್ತದೆ. ಕಿರುಗುಟ್ಟುವ ರಾಟೆಗೆ ತಿಂಗಳಿಗೊಮ್ಮೆ ಎರಡು ಹನಿ ಎಣ್ಣೆ ಬಿಟ್ಟರೆ ಆ ಹೆಚ್ಚುವರಿ ಬಹುಪಾಲು ಇಳಿಯುತ್ತದೆ.

ರಾಟೆ ಬದಲಿಸುವುದು ದಿಕ್ಕನ್ನು. ಕಟ್ಟೆಯ ಮೇಲೆ ಬಾಗಿ ಮೇಲಕ್ಕೆ ಎಳೆಯುವಾಗ ಇಡೀ ಹೊರೆ ಸೊಂಟದ ಮೇಲೆ ಬೀಳುತ್ತದೆ, ಹಗ್ಗ ಕಲ್ಲಿಗೆ ಉಜ್ಜುತ್ತದೆ. ಕೆಳಕ್ಕೆ ಎಳೆಯುವಾಗ ನಿಮ್ಮ ಮೈಭಾರವೇ ಅರ್ಧ ಕೆಲಸ ಮಾಡುತ್ತದೆ. ಹಳೆಯ ಕಪಿಲೆಯಲ್ಲಿ ಎತ್ತುಗಳನ್ನು ಇಳಿಜಾರಿನಲ್ಲಿ ಕೆಳಮುಖವಾಗಿ ನಡೆಸುತ್ತಿದ್ದುದರ ಹಿಂದೆಯೂ ಇದೇ ಲೆಕ್ಕವಿತ್ತು. ಏತದ ಹಿಂಬದಿಗೆ ಕಲ್ಲು ಕಟ್ಟುತ್ತಿದ್ದರಲ್ಲ, ಅಲ್ಲಿಯೂ ಖಾಲಿ ಬಾನಿಯನ್ನು ಕೆಳಗಿಳಿಸುವಾಗ ಮೈಭಾರ ಹಾಕಿದರೆ ಸಾಕು, ತುಂಬಿದ್ದನ್ನು ಕಲ್ಲೇ ಎತ್ತಿಕೊಡುತ್ತದೆ.

ಪುಸ್ತಕಗಳು ಸಾಮಾನ್ಯವಾಗಿ ಹೇಳದೆ ಬಿಡುವ ಒಂದು ಮಾತು ಇಲ್ಲಿದೆ: ರಾಟೆ ತೂಗುಹಾಕಿದ ಕೊಕ್ಕೆಗೆ ಎರಡು ಪಟ್ಟು ಭಾರ ಬೀಳುತ್ತದೆ. ಒಂದು ಕಡೆ ಕೊಡ ಎಳೆಯುತ್ತದೆ, ಇನ್ನೊಂದು ಕಡೆ ನೀವು. ಬಾವಿಯಲ್ಲಿ ಇದು 30-35 ಕೆಜಿ, ಚಿಂತೆಯಿಲ್ಲ. ಆದರೆ ಮನೆ ಕಟ್ಟುವ ಜಾಗದಲ್ಲಿ ಎರಡನೇ ಮಹಡಿಗೆ 50 ಕೆಜಿ ಸಿಮೆಂಟ್ ಮೂಟೆ ಎತ್ತುವಾಗ ಕೊಕ್ಕೆಯ ಮೇಲೆ 100 ಕೆಜಿಗೂ ಮಿಕ್ಕಿ ಭಾರವಿರುತ್ತದೆ. ಮೂಟೆ ಜಾರಿ ಹಗ್ಗ ಜಗ್ಗಿದರೆ ಆ ಕ್ಷಣಕ್ಕೆ ಅದರ ಎರಡು-ಮೂರು ಪಟ್ಟು. ‘ಮೂಟೆ ಬರೀ 50 ಕೆಜಿ ತಾನೇ’ ಎಂದು ಸಾರುವೆ ಬೊಂಬಿಗೆ ತಂತಿಯಲ್ಲಿ ರಾಟೆ ಬಿಗಿಯುವವರು ಈ ಲೆಕ್ಕ ಮಾಡಿರುವುದಿಲ್ಲ.

ಪ್ರಶ್ನೆ: ತೋಟದ ತೆರೆದ ಬಾವಿಯಿಂದ 80 ಕೆಜಿಯ ಮೋಟರ್ ಪಂಪನ್ನು ಪೈಪಿನ ಸಮೇತ ಎತ್ತಬೇಕು. ಆಳ ಸುಮಾರು 40 ಅಡಿ. ಮೂರು ಕಾಲಿನ ಮರದ ಕವೆ ಕಟ್ಟಿ ನಾಲ್ಕು ಗಾಲಿಯ ರಾಟೆ ಜೋಡಿ ಹಾಕಿದರೆ ಇಬ್ಬರಿಗೆ ಆಗುತ್ತದೆಯೇ? ಎಂಟು ಗಾಲಿ ಹಾಕಿದರೆ ಒಬ್ಬನೇ ಎತ್ತಬಹುದೇ? (ಓದುಗರು, ಶಿರಸಿ)

ಉತ್ತರ: ಮೊದಲು ಭಾರ ಎಷ್ಟೆಂದು ನೋಡೋಣ, ಏಕೆಂದರೆ ಅದು 80 ಕೆಜಿ ಅಲ್ಲ. ಎರಡು ಇಂಚಿನ ಮಧ್ಯಮ ದರ್ಜೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಮೀಟರಿಗೆ ಸುಮಾರು 5 ಕೆಜಿ ತೂಗುತ್ತದೆ. 12 ಮೀಟರಿಗೆ 60 ಕೆಜಿ. ಪಂಪಿನ ಬಾಯಲ್ಲಿ ವಾಲ್ವ್ ಇದ್ದು ಅದು ಸರಿಯಾಗಿ ಮುಚ್ಚಿಕೊಂಡಿದ್ದರೆ ಪೈಪಿನೊಳಗೆ ನೀರು ನಿಂತಿರುತ್ತದೆ; ಮೀಟರಿಗೆ ಹತ್ತಿರ ಹತ್ತಿರ 2 ಲೀಟರಿನಂತೆ ಇನ್ನೊಂದು 24 ಕೆಜಿ. ಒಟ್ಟು 164. ಕೆಸರಿನಲ್ಲಿ ಹೂತಿದ್ದರೆ ಬಿಡಿಸಿಕೊಳ್ಳುವ ತನಕ ಇನ್ನೂ ಹೆಚ್ಚು. 200 ಕೆಜಿ ಎಂದೇ ಹಿಡಿಯಿರಿ. ಪೈಪ್ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಆಗಿದ್ದರೆ ಪೈಪಿನ ತೂಕ ಬಹಳ ಇಳಿಯುತ್ತದೆ, ನೀರಿನದು ಇಳಿಯುವುದಿಲ್ಲ.

ಈಗ ರಾಟೆ. ಯಾಂತ್ರಿಕ ಲಾಭ, ಅಂದರೆ ನೀವು ಹಾಕಿದ ಬಲ ಎಷ್ಟು ಪಟ್ಟಾಗುತ್ತದೆ ಎಂದು ತಿಳಿಯಲು ಗಾಲಿಗಳನ್ನು ಎಣಿಸಬೇಡಿ, ಭಾರದ ಜೊತೆ ಮೇಲೇರುವ ಕೆಳಗಿನ ರಾಟೆಯನ್ನು ಎಷ್ಟು ಎಳೆ ಹಗ್ಗ ಹೊತ್ತಿದೆ ಎಂದು ಎಣಿಸಿ. ನಾಲ್ಕು ಎಳೆ ಇದ್ದರೆ ಕಾಗದದ ಮೇಲೆ ಲಾಭ 4. 200 ಕೆಜಿಗೆ 50 ಕೆಜಿ ಎಳೆತ ಸಾಕು. ಇದಕ್ಕೆ ತೆರಬೇಕಾದ ಬೆಲೆ ಹಗ್ಗದ ಉದ್ದ. ಭಾರ 1 ಅಡಿ ಏರಲು ನೀವು 4 ಅಡಿ ಎಳೆಯಬೇಕು. 40 ಅಡಿ ಎತ್ತಲು 160 ಅಡಿ ಎಳೆತ. ಮೇಲೆ ಕವೆಯ ಎತ್ತರ, ಗಂಟು, ಹಿಡಿತಕ್ಕೆಂದು 200 ಅಡಿಗಿಂತ ಕಡಿಮೆ ಹಗ್ಗ ತರಬೇಡಿ. ಅರ್ಧಕ್ಕೆ ಹಗ್ಗ ಮುಗಿದು ಪಂಪ್ ನಡುಬಾವಿಯಲ್ಲಿ ತೂಗುವುದು ಈ ಕೆಲಸದಲ್ಲಿ ಬಲು ಸಾಮಾನ್ಯವಾದ ಫಜೀತಿ.

ಎಂಟು ಗಾಲಿಯ ಆಸೆಗೆ ಘರ್ಷಣೆ ಅಡ್ಡ ಬರುತ್ತದೆ. ಸಾದಾ ಬುಷ್ ಇರುವ ಗಾಲಿಯನ್ನು ಒಮ್ಮೆ ಸುತ್ತಿ ಬರುವಾಗ ಹಗ್ಗದ ಎಳೆತ ಸುಮಾರು ನೂರಕ್ಕೆ ಹತ್ತರಷ್ಟು ಸೋರುತ್ತದೆ ಎಂದಿಟ್ಟುಕೊಳ್ಳಿ. ನೀವು 100 ಕೆಜಿ ಎಳೆದರೆ ಮೊದಲ ಎಳೆಗೆ 90, ಎರಡನೆಯದಕ್ಕೆ 81, ಮೂರನೆಯದಕ್ಕೆ 73, ನಾಲ್ಕನೆಯದಕ್ಕೆ 66. ಕೂಡಿದರೆ 310. ಅಂದರೆ ನಾಲ್ಕು ಗಾಲಿಯ ನಿಜವಾದ ಲಾಭ 3.1. ಆರು ಗಾಲಿಗೆ 4.2, ಎಂಟು ಗಾಲಿಗೆ 5.1. ಗಾಲಿ ದುಪ್ಪಟ್ಟಾಯಿತು, ಹಗ್ಗ ದುಪ್ಪಟ್ಟಾಯಿತು, ಲಾಭ ಮಾತ್ರ ಒಂದೂವರೆ ಪಟ್ಟಿಗೆ ಸ್ವಲ್ಪ ಹೆಚ್ಚು. ಮೇಲಾಗಿ ಎಂಟು ಎಳೆ ಹಗ್ಗ ಒಂದಕ್ಕೊಂದು ಸುತ್ತಿಕೊಂಡರೆ ಬಿಡಿಸುವುದು ಎತ್ತುವುದಕ್ಕಿಂತ ದೊಡ್ಡ ಕೆಲಸ. ನಿಮ್ಮ ಕೆಲಸಕ್ಕೆ ನಾಲ್ಕು ಗಾಲಿಯೇ ತಕ್ಕದ್ದು: 200 ಭಾಗ 3.1, ಅಂದರೆ 65 ಕೆಜಿ ಎಳೆತ. ಇಬ್ಬರಿಗೆ ಆಗುತ್ತದೆ, ಹಿಡಿದು ನಿಲ್ಲಿಸಿ ಗಂಟು ಹಾಕಲು ಮೂರನೆಯವರು ಬೇಕೇ ಬೇಕು.

ಕವೆಯ ತುದಿಗೆ ಬೀಳುವುದು 200 ಅಲ್ಲ, ಭಾರ ಮತ್ತು ಎಳೆತ ಸೇರಿ 265 ಕೆಜಿ. ಕಾಲುಗಳು ನೆಲದೊಂದಿಗೆ 60 ಡಿಗ್ರಿ ಕೋನದಲ್ಲಿದ್ದರೆ ಪ್ರತಿ ಕಾಲು ಹೊರಕ್ಕೆ ಸುಮಾರು 50 ಕೆಜಿ ಬಲದಿಂದ ಜಾರಲು ನೋಡುತ್ತದೆ. ಒದ್ದೆ ಮಣ್ಣಿನಲ್ಲಿ ಜಾರಿಯೇ ಜಾರುತ್ತದೆ. ಪ್ರತಿ ಕಾಲಿಗೂ ಗೇಣುದ್ದ ಗುಂಡಿ ತೋಡಿ, ಮೂರು ಕಾಲುಗಳ ಬುಡವನ್ನೂ ಸರಪಳಿಯಿಂದ ಒಂದಕ್ಕೊಂದು ಕಟ್ಟಿ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಬಾವಿಯಿಂದ ದೂರ ನಿಂತು ಹಗ್ಗವನ್ನು ಓರೆಯಾಗಿ ಎಳೆದರೆ ಆ 65 ಕೆಜಿಯ ಬಹುಭಾಗ ಕವೆಯನ್ನೇ ನಿಮ್ಮ ಕಡೆ ಬೀಳಿಸಲು ಖರ್ಚಾಗುತ್ತದೆ. ಹಗ್ಗವನ್ನು ತುದಿಯಿಂದ ಒಂದು ಕಾಲಿನ ಗುಂಟ ಕೆಳಕ್ಕೆ ತಂದು, ಆ ಕಾಲಿನ ಬುಡಕ್ಕೆ ಬಿಗಿದ ಇನ್ನೊಂದು ಒಂಟಿ ರಾಟೆಯಲ್ಲಿ ಹಾಯಿಸಿ, ಆಮೇಲೆ ಅಡ್ಡಕ್ಕೆ ಎಳೆಯಿರಿ. ಎಳೆತ ಏಳೆಂಟು ಕೆಜಿ ಹೆಚ್ಚಾಗುತ್ತದೆ, ಕವೆ ಮಾತ್ರ ಅಲುಗುವುದಿಲ್ಲ. ಹಗ್ಗ 16 ಮಿ.ಮೀ. ದಪ್ಪದ್ದಾದರೆ ಗಾಲಿಯ ವ್ಯಾಸ ಅದರ ಎಂಟು ಪಟ್ಟಾದರೂ, ಅಂದರೆ 13 ಸೆಂ.ಮೀ. ಇರಲಿ, ಸಣ್ಣ ಗಾಲಿಯಲ್ಲಿ ಹಗ್ಗ ಬೇಗ ಸವೆಯುತ್ತದೆ. ಗಂಟು ಹಾಕಿದ ಕಡೆ ಹಗ್ಗದ ತಾಳಿಕೆ ಅರ್ಧದವರೆಗೂ ಇಳಿಯಬಹುದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬಾಡಿಗೆಗೆ ಒಂದು ಟನ್ನಿನ ಚೈನ್ ಪುಲ್ಲಿ ಸಿಗುವುದಾದರೆ ಅದನ್ನೇ ತನ್ನಿ ಎಂಬುದು ನಮ್ಮ ಸಲಹೆ, ಸರಪಳಿಯ ಓಟ ಎಷ್ಟು ಅಡಿ ಎಂದು ಮಾತ್ರ ಮೊದಲೇ ಕೇಳಿಕೊಳ್ಳಿ. ಎತ್ತಲು ಹೊತ್ತು ಹಿಡಿಯುತ್ತದೆ, ಆದರೆ ಕೈ ಬಿಟ್ಟರೆ ಭಾರ ಅಲ್ಲೇ ನಿಲ್ಲುತ್ತದೆ. ಹಗ್ಗದ ರಾಟೆ ಈ ಒಂದು ಉಪಕಾರ ಮಾಡುವುದಿಲ್ಲ.

ಪ್ರಶ್ನೆ: ಕಾರಿನ ಜೊತೆ ಬಂದ ಕತ್ತರಿ ಜಾಕ್ ಶುರುವಿಗೆ ಬಹಳ ಬಿಗಿ, ಮೇಲೇರಿದಂತೆ ಹಗುರವಾಗುತ್ತದೆ. ಕಾರು ಮೇಲೆ ಹೋದಷ್ಟೂ ಕಷ್ಟವಾಗಬೇಕಲ್ಲವೇ? ಕೈ ಬಿಟ್ಟರೂ ಇಳಿಯದಿರಲು ಒಳಗೆ ಲಾಕ್ ಇದೆಯೇ? (ಓದುಗರು, ದಾವಣಗೆರೆ)

ಉತ್ತರ: ಜಾಕಿನ ತೋಳುಗಳು ಮಲಗಿದಾಗ ತಿರುಪಿನ ಮೇಲೆ ಬೀಳುವ ಎಳೆತ ಕಾರಿನ ಭಾರಕ್ಕಿಂತ ಎಷ್ಟೋ ಹೆಚ್ಚು. ಜಾಕಿನ ಮೇಲೆ 400 ಕೆಜಿ ಕೂತಿದೆ ಎನ್ನಿ. ತೋಳು ನೆಲದೊಂದಿಗೆ 15 ಡಿಗ್ರಿ ಇದ್ದಾಗ ತಿರುಪನ್ನು ಜಗ್ಗುವ ಬಲ ಹತ್ತಿರ ಹತ್ತಿರ 1,500 ಕೆಜಿ. 30 ಡಿಗ್ರಿಗೆ 700, 45ಕ್ಕೆ ಸರಿಯಾಗಿ 400, 60ಕ್ಕೆ 230. ಇಲ್ಲೂ ಪುಕ್ಕಟೆ ಏನೂ ಇಲ್ಲ. ಒಂದು ಸುತ್ತಿಗೆ 3 ಮಿ.ಮೀ. ಸಾಗುವ ತಿರುಪಾದರೆ 15 ಡಿಗ್ರಿಯಲ್ಲಿ ಕಾರು ಸುತ್ತಿಗೆ 11 ಮಿ.ಮೀ. ಏರುತ್ತದೆ, 60 ಡಿಗ್ರಿಯಲ್ಲಿ 2 ಮಿ.ಮೀ. ಕೂಡ ಏರುವುದಿಲ್ಲ. ಹಗುರವಾದದ್ದಕ್ಕೆ ಸುತ್ತುಗಳು ಹೆಚ್ಚಾಗಿವೆ, ಗಮನಿಸಿ ನೋಡಿ.

ಹಿಡಿಯ ತ್ರಿಜ್ಯ 15 ಸೆಂ.ಮೀ. ಆದರೆ ನಿಮ್ಮ ಕೈ ಒಂದು ಸುತ್ತಿಗೆ 942 ಮಿ.ಮೀ. ಚಲಿಸುತ್ತದೆ, ತಿರುಪು 3 ಮಿ.ಮೀ. ಅನುಪಾತ 314. ಆ ಲೆಕ್ಕದಲ್ಲಿ 1,500 ಕೆಜಿಗೆ 5 ಕೆಜಿ ಬಲ ಸಾಕಿತ್ತು. ಕೈಗೆ ತಾಗುವುದು 16 ಕೆಜಿಯಷ್ಟು. ಉಳಿದದ್ದು ತಿರುಪಿನ ಹಲ್ಲುಗಳ ಘರ್ಷಣೆಗೆ ಹೋಯಿತು. ನೀವು ಕೇಳಿದ ಲಾಕ್ ಆ ಘರ್ಷಣೆಯೇ! 12 ಮಿ.ಮೀ. ಸರಾಸರಿ ವ್ಯಾಸದ ತಿರುಪಿನಲ್ಲಿ 3 ಮಿ.ಮೀ. ಏರಿಕೆ ಎಂದರೆ ಬರೀ ನಾಲ್ಕೂವರೆ ಡಿಗ್ರಿಯ ಇಳಿಜಾರು. ಉಕ್ಕಿನ ಮೇಲೆ ಉಕ್ಕು ತಾನಾಗಿ ಜಾರಲು ಸುಮಾರು ಎಂಟು ಡಿಗ್ರಿಯಾದರೂ ಬೇಕು, ಗ್ರೀಸ್ ಹಚ್ಚಿದ್ದರೂ ಐದಕ್ಕಿಂತ ಹೆಚ್ಚು. ಹಾಗಾಗಿ ಭಾರ ಎಷ್ಟೇ ಒತ್ತಿದರೂ ತಿರುಪು ಹಿಂದಕ್ಕೆ ತಿರುಗುವುದಿಲ್ಲ. ತಾನಾಗಿ ಇಳಿಯದ ಯಾವ ತಿರುಪಿನ ದಕ್ಷತೆಯೂ ನೂರಕ್ಕೆ ಐವತ್ತನ್ನು ದಾಟುವುದಿಲ್ಲ. ನಷ್ಟವೇ ಇಲ್ಲಿ ಕಾವಲುಗಾರ.

ಹೀಗಿದ್ದರೂ ಜಾಕನ್ನೇ ನಂಬಿ ಕಾರಿನಡಿಗೆ ತೂರಬೇಡಿ. ತಿರುಪು ಇಳಿಯದಿದ್ದರೇನು, ಜಾಕ್ ಓರೆಯಾಗಿ ಮಗುಚಬಹುದು. ಹ್ಯಾಂಡ್‌ಬ್ರೇಕ್ ಹಾಕಿ, ಎದುರು ಮೂಲೆಯ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ, ಮಣ್ಣಿನ ನೆಲವಾದರೆ ಜಾಕಿನಡಿ ಒಂದಡಿ ಚೌಕದ ದಪ್ಪ ಹಲಗೆ ಇಡಿ. ಬಾಗಿಲ ಕೆಳಗಿನ ಅಂಚಿನಲ್ಲಿ ಕಂಪನಿ ಗುರುತು ಮಾಡಿದ ಜಾಗಕ್ಕೇ ಜಾಕ್ ಕೊಡಿ. ಬೇರೆ ಕಡೆ ತಗಡು ಒಳಕ್ಕೆ ಹೋಗುತ್ತದೆ. ನಟ್ಟುಗಳನ್ನು ಚಕ್ರ ನೆಲದಲ್ಲಿದ್ದಾಗಲೇ ಕಾಲು ಸುತ್ತು ಸಡಿಲಿಸಿಕೊಳ್ಳಿ. ಬಿಚ್ಚಿದ ಚಕ್ರವನ್ನು ಅಂಚಿನಡಿ ಮಲಗಿಸಿಡುವುದು ಒಳ್ಳೆಯ ಪದ್ಧತಿ.

ಪ್ರಶ್ನೆ: ಚಕ್ರದ ನಟ್ಟು ಬಿಚ್ಚಲು ಸ್ಪ್ಯಾನರಿಗೆ ಪೈಪ್ ತೂರಿಸಿದರೆ ತಪ್ಪೇ? (ಓದುಗರು, ಬೀದರ್)

ಉತ್ತರ: ಬಿಚ್ಚಲು ತಪ್ಪಿಲ್ಲ, ಬಿಗಿಯಲು ತಪ್ಪು. ಸಣ್ಣ ಕಾರಿನ ನಟ್ಟಿಗೆ ಸುಮಾರು 10 ಕೆಜಿ-ಮೀಟರ್ ತಿರುಚು ಸಾಕು; 25 ಸೆಂ.ಮೀ. ಸ್ಪ್ಯಾನರಿನ ತುದಿಯಲ್ಲಿ 40 ಕೆಜಿ ಒತ್ತಿದರೆ ಅಷ್ಟಾಯಿತು. ಅದೇ ಕೈಯನ್ನು 75 ಸೆಂ.ಮೀ. ಪೈಪಿನ ತುದಿಗಿಟ್ಟರೆ ಮೂರು ಪಟ್ಟು ಬೀಳುತ್ತದೆ. ಬೋಲ್ಟು ಹಿಗ್ಗುತ್ತದೆ, ಹೊರಗಿನಿಂದ ಕಾಣುವುದಿಲ್ಲ, ಮುಂದೊಂದು ದಿನ ತುಂಡಾಗುತ್ತದೆ. ಬಿಚ್ಚುವಾಗಲೂ ಪೈಪನ್ನು ಕೆಳಕ್ಕೆ ಒತ್ತುವಂತೆ ಹೊಂದಿಸಿಕೊಳ್ಳಿ. ಮೇಲಕ್ಕೆ ಎಳೆಯುವಾಗ ಸ್ಪ್ಯಾನರ್ ಜಾರಿದರೆ ಬೆನ್ನಿಗೆ ಪೆಟ್ಟು.

ಪ್ರಶ್ನೆ: ಹಿತ್ತಿಲ ನಡುವಿರುವ 400 ಕೆಜಿಯಷ್ಟಿರಬಹುದಾದ ಬಂಡೆಯನ್ನು ಹಾರೆಯಿಂದ ಸರಿಸಲು ನೋಡಿದೆವು. ಹಾರೆ ಬಾಗಿತೇ ಹೊರತು ಕಲ್ಲು ಏಳಲಿಲ್ಲ. ಎಲ್ಲಿ ಎಡವಿದೆವು? (ಓದುಗರು, ಸಕಲೇಶಪುರ)

ಉತ್ತರ: ಎರಡರಲ್ಲಿ ಒಂದು ಆಗಿರಬೇಕು. ಊರೆಗೊಟ್ಟ (ಹಾರೆಗೆ ಆಸರೆಯಾಗಿ ಅಡಿಯಲ್ಲಿಟ್ಟ) ಕಲ್ಲು ಮಣ್ಣಿಗೆ ಇಳಿದಿರಬೇಕು, ಇಲ್ಲವೇ ಊರೆ ತುದಿಯಿಂದ ತುಂಬ ದೂರ ಇದ್ದು ನೀವು ಇಬ್ಬರು ಹಾರೆಗೆ ಜೋತು ಬಿದ್ದಿರಬೇಕು.

ಇಡೀ ಬಂಡೆಯನ್ನು ಎತ್ತುವ ಅಗತ್ಯವಿಲ್ಲ. ಒಂದು ಅಂಚನ್ನು ಎತ್ತಿದರೆ ಅರ್ಧ ಭಾರ, ಅಂದರೆ 200 ಕೆಜಿ. ಐದಡಿ (150 ಸೆಂ.ಮೀ.) ಹಾರೆಗೆ ತುದಿಯಿಂದ 10 ಸೆಂ.ಮೀ.ನಲ್ಲಿ ಊರೆ ಕೊಟ್ಟರೆ ನಿಮ್ಮ ಕಡೆಯ ತೋಳು 140, ಭಾರದ ತೋಳು 10, ಲಾಭ 14. 200 ಕೆಜಿಗೆ ಬರೀ 14-15 ಕೆಜಿ ಒತ್ತು ಸಾಕು. ಊರೆಯನ್ನು 30 ಸೆಂ.ಮೀ.ಗೆ ಸರಿಸಿದರೆ ಲಾಭ 4ಕ್ಕೆ ಇಳಿದು 50 ಕೆಜಿ ಬೇಕಾಗುತ್ತದೆ. ಹಾಗೆಂದು 2 ಸೆಂ.ಮೀ.ಗೆ ತಂದರೆ ಲಾಭ ಕಾಗದದಲ್ಲಿ 74 ಆದೀತು, ತುದಿ ಕಲ್ಲಿನಡಿಯಿಂದ ಜಾರೀತು. ಕೈ 30 ಸೆಂ.ಮೀ. ಇಳಿದರೂ ಕಲ್ಲು ಏಳುವುದು ಬರೀ 4 ಮಿ.ಮೀ. 8ರಿಂದ 12 ಸೆಂ.ಮೀ. ಹದ.

28 ಮಿ.ಮೀ. ದಪ್ಪದ ಸಾದಾ ಉಕ್ಕಿನ ಹಾರೆಯ ಬಾಲಕ್ಕೆ 40 ಕೆಜಿ ದಾಟಿ ಒತ್ತಿದರೆ ಅದು ಊರೆಯ ಮೇಲೆ ಬಾಗತೊಡಗುತ್ತದೆ. ಇಬ್ಬರ ಮೈಭಾರ ಅದಕ್ಕೆ ಎಲ್ಲಿ ಸಾಕು? ಹೆಚ್ಚು ಒತ್ತಬೇಕು ಅನ್ನಿಸಿದ ಕೂಡಲೇ ಒತ್ತುವುದನ್ನು ಬಿಟ್ಟು ಊರೆಯನ್ನು ನೋಡಿ. 200 ಕೆಜಿ ಕಲ್ಲಿನದು, 15 ಕೆಜಿ ನಿಮ್ಮದು, ಎರಡೂ ಸೇರಿ ಊರೆಯ ಅಂಗೈಯಗಲ ಜಾಗದಲ್ಲಿ ಕೂರುತ್ತದೆ. ಹಸಿ ಮಣ್ಣು ತಡೆಯುವುದಿಲ್ಲ. ಕಲ್ಲು ಎದ್ದದ್ದು 2 ಸೆಂ.ಮೀ., ಊರೆ ಹೂತದ್ದೂ 2 ಸೆಂ.ಮೀ. ಆದರೆ ಕೈಗೆ ಸೊನ್ನೆ. ಕೆಳಗೆ ಎರಡಡಿ ಉದ್ದದ ದಪ್ಪ ಹಲಗೆ, ಅದರ ಮೇಲೆ ಗಟ್ಟಿ ಕರಿಕಲ್ಲು ಅಥವಾ ಕಬ್ಬಿಣದ ತುಂಡು ಇಡಿ. ನಿಮ್ಮ ಕಡೆ ಸುಲಭವಾಗಿ ಸಿಗುವ ಜಂಬಿಟ್ಟಿಗೆ ಇಲ್ಲಿ ಬೇಡ, ಪುಡಿಯಾಗುತ್ತದೆ.

ಒಂದು ಒತ್ತಿಗೆ ಕಲ್ಲು 2 ಸೆಂ.ಮೀ. ಮಾತ್ರ ಏಳುವುದು. ಎದ್ದಷ್ಟಕ್ಕೂ ಕೂಡಲೇ ಚಪ್ಪಡಿ ಚೂರು ತುರುಕಿ, ಹಾರೆ ತೆಗೆದು, ಊರೆಯನ್ನು ಎತ್ತರಿಸಿ ಮತ್ತೆ ಒತ್ತಿ. ಚೂರನ್ನು ಕೋಲಿನಿಂದ ತಳ್ಳಿ, ಬೆರಳಿನಿಂದಲ್ಲ. ಹೀಗೆ ಎರಡೂ ಅಂಚನ್ನು ಸರದಿಯಂತೆ ಏರಿಸಿ 8-10 ಸೆಂ.ಮೀ. ಬಿಡುವು ಸಿಕ್ಕಮೇಲೆ ಕೆಳಗೆ ಹಲಗೆ ಹಾಸಿ ಎರಡಿಂಚಿನ ಜಿಐ ಪೈಪಿನ ಮೂರು ತುಂಡು ಇಡಿ. ಸಮತಟ್ಟು ಹಲಗೆಯ ಮೇಲೆ 20-30 ಕೆಜಿ ತಳ್ಳಿಗೆ ಬಂಡೆ ಉರುಳುತ್ತದೆ. ಇಳಿಜಾರಿದ್ದರೆ ಮುಂದಿನ ಪೈಪಿಗೆ ಬೆಣೆ ಕೊಡದೆ ಊರೆ ತೆಗೆಯಲೇಬಾರದು.

ಪ್ರಶ್ನೆ: ಮಿನಿ ಟ್ರಕ್ಕಿಗೆ ಬೈಕ್ ಹತ್ತಿಸಲು ಎಷ್ಟು ಉದ್ದದ ಹಲಗೆ ಬೇಕು? ಅದೇ ಹಲಗೆಯ ಮೇಲೆ ಕಬ್ಬಿಣದ ಬೀರು ಎಳೆದರೆ ಮಿಸುಕುವುದೇ ಇಲ್ಲ, ಏಕೆ? (ಓದುಗರು, ತುಮಕೂರು)

ಉತ್ತರ: ಟ್ರಕ್ಕಿನ ಹಾಸು ಎರಡೂವರೆ ಅಡಿ ಎತ್ತರವಿದ್ದು ಹಲಗೆ 8 ಅಡಿ ಇದ್ದರೆ ಲಾಭ 3.2. 120 ಕೆಜಿ ಬೈಕಿಗೆ 38 ಕೆಜಿ ತಳ್ಳಿದರೆ ಆಯಿತು, ಚಕ್ರದ ಉರುಳು ಘರ್ಷಣೆಗೆ ಎರಡು-ಮೂರು ಕೆಜಿ ಸೇರಿಸಿ. 12 ಅಡಿಯ ಹಲಗೆಗೆ 25 ಕೆಜಿ ಸಾಕು, ಆದರೆ ಉದ್ದ ಹೆಚ್ಚಿದಂತೆ ಹಲಗೆ ನಡುವೆ ಬಳುಕುತ್ತದೆ. 8 ಅಡಿಗೆ ಒಂದಿಂಚು ದಪ್ಪ ಮುರಿಯುವ ಅಪಾಯದಲ್ಲಿರುತ್ತದೆ, ಎರಡಿಂಚು ದಪ್ಪ, 10 ಇಂಚು ಅಗಲ ಇರಲಿ. ದಪ್ಪ ದುಪ್ಪಟ್ಟಾದರೆ ತಾಳಿಕೆ ನಾಲ್ಕು ಪಟ್ಟಾಗುತ್ತದೆ. ತಳ್ಳುವವರು ಪಕ್ಕದ ಬೇರೆ ಹಲಗೆಯ ಮೇಲೆ ನಡೆಯಲಿ. ಹಲಗೆಯ ಮೇಲಿನ ತುದಿಯನ್ನು ಟ್ರಕ್ಕಿಗೆ ಹಗ್ಗದಿಂದ ಕಟ್ಟಿ. ಮುಂದಿನ ಚಕ್ರ ಟ್ರಕ್ಕಿನ ಹಾಸಿನ ಮೇಲೆ ಏರುವ ಹೊತ್ತಿಗೇ ಹಲಗೆ ಹಿಂದಕ್ಕೆ ಒದೆಯುವುದು.

ಬೀರುವಿಗೆ ಚಕ್ರವಿಲ್ಲ, ಕಥೆ ಬೇರೆ. 100 ಕೆಜಿ ಬೀರುವನ್ನು ಈ ಇಳಿಜಾರಿನಲ್ಲಿ ಎಳೆಯಲು ಏರಿಕೆಗೆಂದು 31 ಕೆಜಿ, ಮರದ ಮೇಲೆ ಕಬ್ಬಿಣ ಉಜ್ಜುವುದಕ್ಕೆ ಇನ್ನೂ 38 ಕೆಜಿ, ಒಟ್ಟು 69. ಹಲಗೆಯನ್ನು ಎಷ್ಟು ಉದ್ದ ಮಾಡಿದರೂ ಎರಡನೆಯ ಪಾಲು ಕಡಿಮೆಯಾಗುವುದಿಲ್ಲ. ನಾಲ್ಕು ಜನ ನೇರವಾಗಿ ಎತ್ತಿದರೆ ತಲಾ 25 ಕೆಜಿ, ಅದೇ ಮೇಲು. ಜನವಿಲ್ಲದಿದ್ದರೆ ಕೆಳಗೆ ಪೈಪ್ ತುಂಡುಗಳನ್ನಿಟ್ಟು 35-40 ಕೆಜಿಗೆ ಇಳಿಸಿಕೊಳ್ಳಿ.

ಗಾಲಿಕುರ್ಚಿಯ ಇಳಿಜಾರನ್ನು 1:12ಕ್ಕಿಂತ ಕಡಿದಾಗಿ ಕಟ್ಟಬಾರದೆಂಬ ನಿಯಮದ ಹಿಂದೆಯೂ ಇದೇ ಗಣಿತವಿದೆ. ಕುರ್ಚಿ ಮತ್ತು ವ್ಯಕ್ತಿ ಸೇರಿ 90 ಕೆಜಿ ಇದ್ದರೆ ಏರಿಕೆಗೆ ಬೇಕಾಗುವುದು 7.5 ಕೆಜಿ. ಆರಿಂಚಿನ ಮೆಟ್ಟಿಲಿಗೆ ಆರಡಿ ಇಳಿಜಾರು. ಎಷ್ಟೋ ಕಟ್ಟಡಗಳಲ್ಲಿ ಎರಡಡಿಯಲ್ಲೇ ಮುಗಿಸಿರುತ್ತಾರೆ, ಅದನ್ನು ಹತ್ತಲು ಯಾರಾದರೂ ಹಿಂದಿನಿಂದ ತಳ್ಳಲೇಬೇಕು.

ಪ್ರಶ್ನೆ: ನಮ್ಮೂರ ತೇರಿನಲ್ಲಿ ನೂರಾರು ಜನ ಹಗ್ಗ ಹಿಡಿದೆಳೆದರೂ ರಥ ಕದಲದೆ ನಿಲ್ಲುತ್ತದೆ. ಹಿಂದಿನ ಚಕ್ರಕ್ಕೆ ನಾಲ್ವರು ಸನ್ನೆಗೋಲು ಹಾಕಿ ಒತ್ತಿದ ಕೂಡಲೇ ಹೊರಡುತ್ತದೆ. ನಾಲ್ವರ ಬಲ ನೂರಾರು ಜನರದ್ದಕ್ಕಿಂತ ಹೆಚ್ಚೇ? (ಓದುಗರು, ಕೊಪ್ಪಳ)

ಉತ್ತರ: ಹೊರಡುವ ಆ ಕ್ಷಣದಲ್ಲಿ ಸಾಟಿಯಾಗಬಲ್ಲದು. ಮೂರು ಮೀಟರಿನ ಮರದ ಸನ್ನೆಗೆ ತುದಿಯಿಂದ 15 ಸೆಂ.ಮೀ. ದೂರದಲ್ಲಿ ದಿಮ್ಮಿಯ ಊರೆ ಕೊಟ್ಟರೆ ಲಾಭ 19. ನಾಲ್ವರು ತಲಾ 40 ಕೆಜಿ ಒತ್ತಿದರೆ ಚಕ್ರದ ಹಿಂಬದಿಗೆ ಸುಮಾರು 3,000 ಕೆಜಿ ಒತ್ತು. ಸನ್ನೆಯ ತುದಿ ಚಕ್ರದ ತಳದಿಂದ ಸ್ವಲ್ಪವೇ ಮೇಲೆ, 15 ಡಿಗ್ರಿಯಷ್ಟು ಹಿಂದೆ ತಾಗಿದೆ ಎಂದುಕೊಂಡರೆ ಅದರಲ್ಲಿ ಮುಂದಕ್ಕೆ ತಳ್ಳುವ ಪಾಲು 800 ಕೆಜಿಯ ಹತ್ತಿರ. ಉಳಿದದ್ದು ಮೇಲಕ್ಕೆ. ಅದೂ ದಂಡವಲ್ಲ: ನಿಂತಲ್ಲೇ ನಿಂತ ರಥದ ಚಕ್ರ ತನ್ನ ಭಾರಕ್ಕೆ ನೆಲವನ್ನು ಒತ್ತಿ ಸಣ್ಣ ಕುಳಿ ಮಾಡಿಕೊಂಡಿರುತ್ತದೆ, ಆ ಕುಳಿಯಿಂದ ಹತ್ತಿಸುವುದೇ ಮೊದಲ ಅಂಗುಲದ ಕಷ್ಟ. ಸನ್ನೆ ಮಾಡುವುದು ಅದನ್ನೇ.

ಹಗ್ಗದ ಕಡೆ ನೂರಾರು ಜನರಿದ್ದರೂ ಎಲ್ಲರ ಎಳೆತ ಒಂದೇ ಗಳಿಗೆಗೆ ಬೀಳುವುದಿಲ್ಲ, ಹಗ್ಗವೂ ಹಿಗ್ಗುತ್ತದೆ. ಆದರೆ ಸನ್ನೆಯಿಂದ ಚಕ್ರ ಸರಿಯುವುದು ಒಂದೆರಡು ಅಂಗುಲ ಮಾತ್ರ. ಅಲ್ಲಿಂದಾಚೆ ರಥಬೀದಿಯುದ್ದ ಎಳೆಯುವುದು ಹಗ್ಗದವರೇ. ಸನ್ನೆಯವರಿಗೆ ಅಪಾಯ ಇರುವುದು ಚಕ್ರ ಹೊರಟ ಕೂಡಲೇ ತುದಿಯ ಆಸರೆ ತಪ್ಪಿ ಮರ ನೆಲಕ್ಕೆ ಬಡಿಯುವುದರಿಂದ. ಆದ್ದರಿಂದ ಅನುಭವಿಗಳು ಸನ್ನೆಯ ಪಕ್ಕಕ್ಕೆ ನಿಂತು ಅಂಗೈಯಿಂದ ಒತ್ತುತ್ತಾರೆ, ಹೊಟ್ಟೆಯಡಿ ಇಟ್ಟುಕೊಳ್ಳುವುದಿಲ್ಲ, ಕಾಲನ್ನು ಕೆಳಗೆ ಬಿಡುವುದಿಲ್ಲ.

ಪ್ರಶ್ನೆ: ಯಂತ್ರವೆಂದರೆ ಬಲ ಹೆಚ್ಚಿಸುವುದು ಎಂದಾದರೆ ಸೈಕಲ್ಲಿನ ಯಾಂತ್ರಿಕ ಲಾಭ ಎಷ್ಟು? ಸರಳ ಯಂತ್ರಗಳು ಆರೇ ಏಕೆ? (ಹತ್ತನೇ ತರಗತಿ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಸೈಕಲ್ಲಿನದು ಒಂದಕ್ಕಿಂತ ಕಡಿಮೆ, ಅಳೆದು ನೋಡಮ್ಮ. ಪೆಡಲಿನ ತೋಳು 17 ಸೆಂ.ಮೀ., ಹಿಂಚಕ್ರದ ತ್ರಿಜ್ಯ 35 ಸೆಂ.ಮೀ., ಮುಂದಿನ ಹಲ್ಲುಗಾಲಿಗೆ 44 ಹಲ್ಲು, ಹಿಂದಿನದಕ್ಕೆ 18 ಇದ್ದರೆ: 17 ಭಾಗ 35, ಗುಣಿಸು 18 ಭಾಗ 44. ಬರುವುದು 0.2. ನೀನು 40 ಕೆಜಿ ತುಳಿದರೆ ರಸ್ತೆಯನ್ನು ಹಿಂದಕ್ಕೆ ತಳ್ಳುವುದು 8 ಕೆಜಿ ಮಾತ್ರ. ಬದಲಿಗೆ ಪಾದ 1 ಮೀಟರ್ ಸಾಗಿದರೆ ಸೈಕಲ್ 5 ಮೀಟರ್ ಸಾಗುತ್ತದೆ. ಸಮತಟ್ಟು ರಸ್ತೆಗೆ ಅಷ್ಟು ಬಲ ಸಾಕೇ ಸಾಕು. ಏರು ಬಂದಾಗ ಸಾಲದು, ಅಲ್ಲಿ ಇಳಿದು ತಳ್ಳಬೇಕಾಗುತ್ತದೆ, ಇಲ್ಲವೇ ಹಿಂದೆ ದೊಡ್ಡ ಹಲ್ಲುಗಾಲಿ ಇರುವ ಗೇರಿಗೆ ಹಾಕಬೇಕು. ಒಲೆಯ ಇಕ್ಕಳದ ತುದಿಯೂ ಹೀಗೆಯೇ. ಬಲ ಕಳೆದುಕೊಂಡು ದೂರ ಪಡೆಯುತ್ತದೆ. ಯಂತ್ರ ಎರಡು ಕಡೆಗೂ ವ್ಯಾಪಾರ ಮಾಡಬಲ್ಲದು.

ಆರು ಎಂಬ ಸಂಖ್ಯೆ ಪ್ರಕೃತಿ ನಿಯಮವೇನಲ್ಲ. ಅಲೆಕ್ಸಾಂಡ್ರಿಯಾದ ಪ್ರಾಚೀನ ಗ್ರೀಕ್ ಗಣಿತಜ್ಞ ಹೆರಾನ್ ಕೊಟ್ಟ ಪಟ್ಟಿಯಲ್ಲಿ ಐದೇ ಇದ್ದವು: ಸನ್ನೆ, ರಾಟೆ, ಬೆಣೆ, ತಿರುಪು, ಗಾಲಿ-ಅಚ್ಚು. ಇಳಿಜಾರು ಬಹಳ ನಂತರ ಸೇರಿತು. ಅದರ ಮೇಲೆ ಭಾರ ಹೇಗೆ ಸಮತೋಲದಲ್ಲಿ ನಿಲ್ಲುತ್ತದೆಂದು ಯುರೋಪಿನ ಗಣಿತಜ್ಞ ಸೈಮನ್ ಸ್ಟೆವಿನ್ 1586ರಲ್ಲಿ ತೋರಿಸಿದ. ಯಂತ್ರಗಳು ಕೆಲಸವನ್ನು ಹೊಸದಾಗಿ ಹುಟ್ಟಿಸುವುದಿಲ್ಲ, ರೂಪ ಬದಲಿಸುತ್ತವಷ್ಟೇ ಎಂದು ಗೆಲಿಲಿಯೊ 1600ರ ಸುಮಾರಿಗೆ ವಾದಿಸಿದ. ನಿಜಕ್ಕೂ ಇವು ಎರಡೇ ಕುಟುಂಬ. ಸನ್ನೆ, ರಾಟೆ, ಗಾಲಿ-ಅಚ್ಚು ಒಂದು. ಇಳಿಜಾರು, ಬೆಣೆ, ತಿರುಪು ಇನ್ನೊಂದು. ಪರೀಕ್ಷೆಯಲ್ಲಿ ಮಾತ್ರ ಆರು ಎಂದೇ ಬರಿ.

ಪ್ರಶ್ನೆ: ಅಡಕತ್ತರಿಯಲ್ಲಿ ಅಡಕೆಯನ್ನು ಎಲ್ಲಿಟ್ಟರೆ ಸುಲಭ? (ಓದುಗರು, ಪುತ್ತೂರು)

ಉತ್ತರ: ಕೀಲಿನ ಹತ್ತಿರ. ಕೈ ಕೀಲಿನಿಂದ 15 ಸೆಂ.ಮೀ. ದೂರ, ಅಡಕೆ 3 ಸೆಂ.ಮೀ. ದೂರ ಇದ್ದರೆ ಲಾಭ 5. ಅಡಕೆ 5 ಸೆಂ.ಮೀ.ಗೆ ಹೋದರೆ 3. ತೀರಾ ಒಳಕ್ಕೆ ತುರುಕಿದರೆ ಬಾಯಿ ಅಗಲವಾಗಿ ತೆರೆದು ಅಡಕೆ ಹೊರಕ್ಕೆ ಚಿಮ್ಮುತ್ತದೆ. ಕೀಲು ಸಡಿಲವಾಗಿದ್ದರೆ ಅಲಗು ಪಕ್ಕಕ್ಕೆ ಸರಿದು ಹೋಳು ಪುಡಿಯಾಗುತ್ತದೆ, ಅಂಥದ್ದರ ಕೀಲಿನ ಮೊಳೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಬಿಗಿಮಾಡಿ.

ಪ್ರಶ್ನೆ: ಸೌದೆ ಸೀಳುವಾಗ ಕೊಡಲಿ ಸಿಕ್ಕಿಹಾಕಿಕೊಳ್ಳುತ್ತದೆ. ಹರಿತ ಮಾಡಿದಷ್ಟೂ ಹೆಚ್ಚು. (ಓದುಗರು, ಮಡಿಕೇರಿ)

ಉತ್ತರ: ನಿಮ್ಮದು ಕಡಿಯುವ ಕೊಡಲಿ ಇರಬೇಕು, ಸೀಳುವುದಲ್ಲ. ಬೆಣೆ ತೆಳುವಾದಷ್ಟೂ ಯಾಂತ್ರಿಕ ಲಾಭ ಹೆಚ್ಚು: 20 ಸೆಂ.ಮೀ. ಉದ್ದ, 4 ಸೆಂ.ಮೀ. ದಪ್ಪದ ಬೆಣೆಯ ಲಾಭ 5. ಆದರೆ ತೆಳು ಬೆಣೆ ಮರವನ್ನು ಸ್ವಲ್ಪವೇ ಅಗಲಿಸುತ್ತದೆ, ಮತ್ತು ಮರ ಅದನ್ನು ಎರಡು ಕಡೆಯಿಂದ ಅದುಮಿ ಹಿಡಿಯುತ್ತದೆ. ಕೊಡಲಿಯ ಎರಡು ಕೆನ್ನೆಗಳ ನಡುವಿನ ಕೋನ 30 ಡಿಗ್ರಿಗಿಂತ ಕಡಿಮೆಯಿದ್ದರೆ ಅದು ತಾನಾಗಿ ಹೊರಬರುವ ಸಂಭವ ಕಡಿಮೆ, ಜಾಕಿನ ತಿರುಪು ಇಳಿಯದ ಕಾರಣವೇ ಇಲ್ಲೂ. ಸೀಳಲು ಕೆನ್ನೆ ಉಬ್ಬಿದ, ಎರಡೂವರೆ-ಮೂರು ಕೆಜಿ ತೂಕದ ದಪ್ಪ ಕೊಡಲಿ ತನ್ನಿ. ಬಾಯಿ ಕ್ಷೌರದ ಕತ್ತಿಯಷ್ಟು ಹರಿತ ಬೇಕಿಲ್ಲ.

ಪೆಟ್ಟು ನಟ್ಟನಡುವೆ ಹಾಕಬೇಡಿ. ತುಂಡಿನ ಅಂಚಿನ ಬಳಿ, ಈಗಾಗಲೇ ಇರುವ ಬಿರುಕಿನ ಸಾಲಿನಲ್ಲೇ ಹಾಕಿ. ಸಿಕ್ಕಿಕೊಂಡರೆ ಕೊಡಲಿಯ ಹಿಂಬದಿಗೆ ಸುತ್ತಿಗೆಯಿಂದ ಬಡಿಯಬೇಡಿ. ಕಾವು ಹಾಕುವ ಕಣ್ಣು ಅಗಲವಾಗುತ್ತದೆ, ಉಕ್ಕಿನ ಚೂರು ಹಾರಿ ಕಣ್ಣಿಗೆ ಬೀಳಬಹುದು. ಬಿರುಕಿನಲ್ಲಿ ಬೇರೆ ಕಬ್ಬಿಣದ ಬೆಣೆ ಇಟ್ಟು ಅದನ್ನು ಹೊಡೆಯಿರಿ, ಕೊಡಲಿ ಸಡಿಲವಾಗುತ್ತದೆ. ದೊಡ್ಡ ದಿಮ್ಮಿಗೆ ಎರಡು ಬೆಣೆ ಇಟ್ಟುಕೊಂಡು ಒಂದರ ಮುಂದೆ ಒಂದರಂತೆ ಬಿರುಕನ್ನು ನಡೆಸಿಕೊಂಡು ಹೋಗಬೇಕು. ಕಲ್ಲು ಒಡೆಯುವವರೂ ಸಾಲಾಗಿ ರಂಧ್ರ ಕೊರೆದು, ಎಲ್ಲ ಬೆಣೆಗಳಿಗೂ ಸರದಿಯಂತೆ ಒಂದೊಂದೇ ಪೆಟ್ಟು ಕೊಡುತ್ತಾರೆ. ಒಂದಕ್ಕೇ ಹೊಡೆದರೆ ಬಂಡೆ ಓರೆಯಾಗಿ ಒಡೆಯುತ್ತದೆ. ಗಂಟುಗಂಟಿರುವ ತುಂಡಿನ ಜೊತೆ ಮಾತ್ರ ಹಟ ಬೇಡ, ಗರಗಸ ಹಿಡಿಯಿರಿ.